ಬಚ್ಚಲ ಒಲೆ ಮೇಲೆ ಒಣಗ್ತಿದ್ದ ಬಟ್ಟೆ ತುಂಡುಗಳು

ಹೋದ ವರ್ಷ ಆಷಾಢದಲ್ಲಿ ಊರಿಗೆ ಹೋಗಿದ್ದೆ, ತೀರ್ಥಹಳ್ಳಿಯಿಂದ ಒಳಗೆ ಹತ್ತು ಹನ್ನೆರಡು ಕಿಲೋಮೀಟರ್. ಆ ಮಳೇಲಿ ನಮ್ಮ ಕಡೆ ಬಟ್ಟೆ ಒಣಗ್ಸೋದು ಎಂತ ಪಾಡು ಅಂತ ಮಲೆನಾಡಿನೋರಿಗೆ ಹೇಳೋದೇ ಬೇಡ, ವಾರಗಟ್ಟಲೆ ಬಿಸಿಲು ಮುಖ ತೋರ್ಸಲ್ಲ, ಎಲ್ಲಾ ಬಚ್ಚಲ ಒಲೆ ಮೇಲಿನ ಬಿದಿರು ಗಳಕ್ಕೆ ಹಾಕಿ ಹೊಗೆ ವಾಸನೆ ಸಮೇತ ಉಟ್ಕೊಳ್ಳೋದು. ಬೆಳಿಗ್ಗೆ ಸ್ನಾನಕ್ಕೆ ಹೋದಾಗ ನೋಡ್ತೀನಿ, ಗಳದ ಆ ತುದೀಲಿ, ಮಾವನ ಪಂಚೆ ಹಿಂದೆ ಮರೆಯಾಗಿ, ಹಳೇ ಕಾಟನ್ ಸೀರೆ ಹರಿದು ಮಡಚಿದ ತುಂಡುಗಳು. ಎಣಿಸಿದ್ರೆ ಹನ್ನೊಂದು. ಆವತ್ತು ಆ ಮನೇಲಿದ್ದೋರಲ್ಲಿ ಮುಟ್ಟಾಗೋ ವಯಸ್ಸಿನೋಳು ನಾನೊಬ್ಳೇ. ಅತ್ತೆಗೆ 68.

ಆವತ್ತು ಸಂಜೆ ಮಾವ ಪೇಟೆಗೆ ಹೋದ್ಮೇಲೆ ಕಷಾಯ ಕುಡೀತಾ ಮೆಲ್ಲಗೆ ಕೇಳ್ದೆ. ಮೊದ್ಲು "ಎಂತದೂ ಇಲ್ಲ ಬಿಡು" ಅಂದ್ರು. ಆಮೇಲೆ ಲೋಟ ನೋಡ್ತಾನೇ, "ಮೂತ್ರ ತಡ್ಕೊಳಕ್ಕೇ ಆಗಲ್ಲ ಮಾರಾಯ್ತಿ, ಬಚ್ಚಲ ಬಾಗ್ಲು ಕಂಡ್ರೆ ಸಾಕು, ಅಲ್ಲೇ ಆಗೋಗತ್ತೆ" ಅಂದ್ರು. ಐದು ವರ್ಷದಿಂದ ಅಂತೆ! ಮದುವೆ ಮುಂಜಿಗೆ ಕರೆದ್ರೆ ಮಂಡಿ ನೋವು ಅಂತಿದ್ದಿದ್ದು, 2023ರ ಜೂನಲ್ಲಿ ಶಕ್ತಿ ಯೋಜನೆ ಬಂದು ಊರ ಹೆಂಗಸ್ರೆಲ್ಲ ಫ್ರೀ ಬಸ್ಸಲ್ಲಿ ಧರ್ಮಸ್ಥಳ, ಶೃಂಗೇರಿ ಅಂತ ಸುತ್ತುವಾಗ ಇವರು ಮಾತ್ರ "ನಂಗೆ ಬಸ್ ಆಗಲ್ಲ" ಅಂತ ಕೂತಿದ್ದಿದ್ದು, ಎಲ್ಲಾ ಇದಕ್ಕೇ. ಟಿಕೆಟ್ ಫ್ರೀ ಆದ್ರೆ ಸಾಕಾ, ಇಳಿಯೋ ಜಾಗದಲ್ಲಿ ಒಂದು ನೆಟ್ಟಗಿರೋ ಟಾಯ್ಲೆಟ್ ಬೇಡ್ವಾ.

ಒಂದು ಸಲ ಪೇಟೇಲಿ ಒಬ್ಬ ಡಾಕ್ಟ್ರಿಗೆ ಹೇಳಿದ್ರಂತೆ, ಅವರು ತಲೆ ಎತ್ತದೆ "ವಯಸ್ಸಾಯ್ತಲ್ಲಮ್ಮ" ಅಂದ್ರಂತೆ. ಅಷ್ಟೇ. ಅಲ್ಲಿಂದ ಅತ್ತೆ ನೀರು ಕುಡಿಯೋದು ಬಿಟ್ಟು ತಾವೇ ಟ್ರೀಟ್‌ಮೆಂಟ್ ಶುರು ಮಾಡಿದ್ದು.

ಇನ್ನು ನನ್ನ ವಿಷ್ಯನೂ ಹೇಳ್ಬೇಕು, ಅತ್ತೆದು ಮಾತ್ರ ಬರೆದ್ರೆ ಮೋಸ ಆಗತ್ತೆ. ನಂಗೆ ಎರಡನೇ ಹೆರಿಗೆ ಆದಾಗಿಂದ, ಅಂದ್ರೆ 14 ವರ್ಷದಿಂದ, ಸೀನಿದ್ರೆ ಸೋರತ್ತೆ. ಜೋರಾಗಿ ನಕ್ರೂ ಅಷ್ಟೇ. ನೆಗಡಿ ಆದ್ರೆ ಪ್ಯಾಡ್ ಇಲ್ದೆ ಹೊರಗೆ ಹೋಗಲ್ಲ. ಇದನ್ನ ನಮ್ಮನೆಯವರಿಗೂ ಹೇಳಿರ್ಲಿಲ್ಲ. ಒಂದೇ ಕುಟುಂಬದ ಇಬ್ರು, ಒಬ್ಬರಿಗೊಬ್ಬರು ಗೊತ್ತಾಗದ ಹಂಗೆ ಬಟ್ಟೆ ಬಚ್ಚಿಡ್ತಾ ಇದ್ವಿ.

ಇಬ್ರೂ ಶಿವಮೊಗ್ಗದಲ್ಲಿ ಒಬ್ರು ಲೇಡಿ ಡಾಕ್ಟ್ರ ಹತ್ರ ಹೋದ್ವಿ. ನಿಮ್ಮಿಬ್ಬರದ್ದೂ ಒಂದೇ ಕಾಯಿಲೆ ಅಲ್ಲ ಅಂತ ಅವರು ಮೊದ್ಲೇ ಹೇಳಿದ್ರು. ಬ್ಲ್ಯಾಡರ್ ಅಂದ್ರೆ ಮೂತ್ರ ತುಂಬೋ ಸ್ನಾಯುವಿನ ಚೀಲ, ಸುಮಾರು 400-500 ಮಿಲಿ ಹಿಡಿಯತ್ತೆ, ಅದರ ಕೆಳಗೆ ಜೋಲಿ ಕಟ್ಟಿದ ಹಂಗೆ ಮಾಂಸಖಂಡ ಇರತ್ತೆ, ಪೆಲ್ವಿಕ್ ಫ್ಲೋರ್ ಅಂತಾರೆ. ಹೆರಿಗೇಲಿ ಆ ಜೋಲಿ ಸಡಿಲ ಆದ್ರೆ ಕೆಮ್ಮು, ಸೀನು, ಭಾರ ಎತ್ತೋದು, ಹೊಟ್ಟೆ ಮೇಲೆ ಒತ್ತಡ ಬಿದ್ದಾಗೆಲ್ಲ ಒಂದೆರಡು ಹನಿ ಹೊರಗೆ. ನಂದು ಅದು, ಸ್ಟ್ರೆಸ್ ಇನ್‌ಕಾಂಟಿನೆನ್ಸ್. ಇನ್‌ಕಾಂಟಿನೆನ್ಸ್ ಅಂದ್ರೆ ಮೂತ್ರದ ಹಿಡಿತ ತಪ್ಪೋದು, ಇಲ್ಲಿ ಸ್ಟ್ರೆಸ್ ಅಂದ್ರೆ ಹೊಟ್ಟೆ ಒಳಗಿನ ಒತ್ತಡ, ಮನಸ್ಸಿನ ಟೆನ್ಷನ್ ಅಲ್ಲ, ನಾನು ಸುಮಾರು ದಿನ ಹಂಗೇ ಅಂದ್ಕೊಂಡಿದ್ದೆ. ಅತ್ತೆದು ಬೇರೆ, ಚೀಲ ತುಂಬೋ ಮೊದ್ಲೇ ತಾನಾಗೇ ಹಿಂಡ್ಕೊಳ್ಳತ್ತೆ, ನಲ್ಲಿ ನೀರಿನ ಸದ್ದು ಕೇಳಿದ್ರೆ, ಬಾಗ್ಲು ಬೀಗಕ್ಕೆ ಕೀ ಹಾಕಿದ್ರೆ ಅರ್ಜೆಂಟು. ಇದು ಅರ್ಜ್ ಇನ್‌ಕಾಂಟಿನೆನ್ಸ್. ಎರಡೂ ಸೇರಿ ಇರೋರೂ ಇದ್ದಾರೆ. ಚೀಲದ ಕೆಳಗಿನ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾದ ಗಂಡಸ್ರಿಗೆ, ಶುಗರ್‌ನಿಂದ ನರ ಮಂದ ಆದೋರಿಗೆ ಚೀಲ ಪೂರ್ತಿ ಖಾಲಿನೇ ಆಗಲ್ಲ, ತುಂಬಿ ತುಳುಕಿ ತೊಟ್ಟಿಕ್ತಾ ಇರತ್ತೆ. ಅದಕ್ಕೇ ಪಕ್ಕದ ಮನೆಯೋರ ಮಾತ್ರೆ ತಂದು ನುಂಗಬಾರ್ದು, ಚೀಲದ ಹಿಂಡೋದನ್ನ ಕಮ್ಮಿ ಮಾಡೋ ಮಾತ್ರೆನ ಇಂಥೋರಿಗೆ ಕೊಟ್ರೆ ಮೂತ್ರ ಪೂರ್ತಿ ಕಟ್ಕೊಂಡ್ಬಿಡಬಹುದು.

ಯೂರಿನ್ ಟೆಸ್ಟ್, ಶುಗರ್, ಮೂತ್ರ ಮಾಡಿದ್ಮೇಲೆ ಒಳಗೆ ಎಷ್ಟು ಉಳಿದಿದೆ ಅಂತ ಸ್ಕ್ಯಾನಿಂಗು. ಎಲ್ಲಾ ಸರಿ ಇತ್ತು. ಆಮೇಲೆ ಮೂರು ದಿನದ ಲೆಕ್ಕ ಬರ್ಕೊಂಡ್ ಬನ್ನಿ ಅಂದ್ರು. ಈ ಲೆಕ್ಕದ ಕಥೆ ಕೇಳಿ. ಅತ್ತೆ ಹಳೇ ಪ್ಲಾಸ್ಟಿಕ್ ಜಗ್ಗಿಗೆ ಗೆರೆ ಹಾಕ್ಸಿ, ಪ್ರತಿ ಸಲ ಅಳತೆ ನೋಡಿ ಕೂಗೋದು, ನನ್ನ ಮಗಳು ಕ್ಯಾಲೆಂಡರ್ ಹಿಂದೆ ಬರ್ಕೊಳ್ಳೋದು. ಹಾಲಿನ ಡೈರಿ ಲೆಕ್ಕದ ಹಂಗೆ. ಹಗಲಲ್ಲೇ 14 ಸಲ, ಒಂದೊಂದು ಸಲಕ್ಕೆ 70, 80 ಮಿಲಿ, ಕುಡಿಯೋದು ನೋಡಿದ್ರೆ ಆರು ಲೋಟ ಕಾಫಿ, ನೀರು ಒಂದೂವರೆ ಲೋಟ. ಡಾಕ್ಟ್ರು ಆ ಕ್ಯಾಲೆಂಡರ್ ಹಾಳೆ ನೋಡಿ ಅಲ್ಲೇ ಅರ್ಧ ಹೇಳ್ಬಿಟ್ರು. ನೀರು ಕಮ್ಮಿ ಆದ್ರೆ ಮೂತ್ರ ಗಟ್ಟಿಯಾಗಿ ಚೀಲ ಇನ್ನೂ ಕೆರಳತ್ತೆ, ಜೊತೆಗೆ ಮಲಬದ್ಧತೆ, ಅದೂ ಒತ್ತತ್ತೆ, ಮೇಲಿಂದ ಕಾಫಿ. ಇನ್ನೊಂದು, ಬಿ.ಪಿ.ಗೆ ಕೊಟ್ಟಿದ್ದ ಮೂತ್ರ ಹೆಚ್ಚಿಸೋ ಮಾತ್ರೆನ ಅತ್ತೆ ರಾತ್ರಿ ಊಟ ಆದ್ಮೇಲೆ ತಗೋತಿದ್ರು! ಅದನ್ನ ಬೆಳಿಗ್ಗೆಗೆ ಹಾಕಿದ್ರು, ರಾತ್ರಿ ನಾಲ್ಕು ಸಲ ಏಳೋದು ಎರಡಕ್ಕೆ ಇಳೀತು. ಬಿ.ಪಿ. ಮಾತ್ರೆ ಹೊತ್ತು ಬದಲಾಯ್ಸೋದು ಡಾಕ್ಟ್ರನ್ನ ಕೇಳೇ ಮಾಡಿ, ನೀವೇ ಮಾಡ್ಬೇಡಿ.

ಅತ್ತೆಗೆ ಹೇಳಿದ ಮುಖ್ಯ ಕೆಲಸ ಬ್ಲ್ಯಾಡರ್ ಟ್ರೈನಿಂಗ್. ಅರ್ಜೆಂಟು ಬಂದ ತಕ್ಷಣ ಓಡಬಾರ್ದು. ನಿಂತಲ್ಲೇ ನಿಂತು ಅಥವಾ ಕೂತು, ಕೆಳಗಿನ ಸ್ನಾಯುನ ಐದಾರು ಸಲ ಬೇಗ ಬೇಗ ಬಿಗಿ ಹಿಡಿದು ಬಿಟ್ಟು, ಆ ಅಲೆ ಇಳಿದ್ಮೇಲೆ ನಿಧಾನಕ್ಕೆ ನಡ್ಕೊಂಡು ಹೋಗೋದು, ವಾರ ವಾರ ಹದಿನೈದು ನಿಮಿಷ ಅಂತರ ಹೆಚ್ಚಿಸೋದು, ಕನಿಷ್ಠ ಆರು ವಾರ. ಅತ್ತೆಗೆ ಸಿಟ್ಟು ಬಂತು. "ವೇಗ ತಡೀಬಾರ್ದು ಅಂತ ನಮ್ಮಪ್ಪ ಹೇಳ್ತಿದ್ರು" ಅಂದ್ರು. ಅದು ಸುಳ್ಳಲ್ಲ, ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ 7ನೇ ಅಧ್ಯಾಯನೇ ಅದು, ನವೇಗಾನ್‌ಧಾರಣೀಯ ಅಂತ, ಮೂತ್ರದ ವೇಗ ತಡೆದ್ರೆ ಏನೇನಾಗತ್ತೆ ಅಂತ ಇದೆ. ನಮ್ಮ ಸಂಬಂಧಿಕರಲ್ಲಿ ಒಬ್ರು ಆಯುರ್ವೇದ ಡಾಕ್ಟ್ರು ಇದ್ದಾರೆ, ಅವರನ್ನೇ ಕೇಳಿದ್ವಿ. "ತುಂಬಿದ ಚೀಲದ ವೇಗ ತಡೀಬೇಡಿ ಅಂತ ಅದು, 80 ಮಿಲಿಗೆ ಬರೋದು ವೇಗ ಅಲ್ಲ, ಅದು ಚೀಲದ ಸುಳ್ಳು" ಅಂದ್ರು. ಡಾಕ್ಟ್ರ ಮಾತಿಗೆ ಬಗ್ಗದ ಅತ್ತೆ ಈ ಮಾತಿಗೆ ಬಗ್ಗಿದ್ರು.

ಮಾತ್ರೆನೂ ಕೊಟ್ರು. ಮೊದ್ಲು ಚೀಲದ ಹಿಂಡೋದನ್ನ ಕಮ್ಮಿ ಮಾಡೋ ಸಾಲಿಫೆನಾಸಿನ್, ಬಾಯಿ ಒಣಗಿ ಎಲೆಅಡಿಕೆ ಹಾಕಿದ್ರೂ ಕವಳ ನೀರು ಬಿಡಲ್ಲ ಅಂತ ಗೋಳು, ಮಲಬದ್ಧತೆ ಬೇರೆ. ಈ ಜಾತಿ ಮಾತ್ರೆ ವಯಸ್ಸಾದೋರಿಗೆ ಮಂಕು, ಮರೆವು ತರೋದೂ ಇದೆಯಂತೆ. ಆಮೇಲೆ ಮಿರಾಬೆಗ್ರಾನ್‌ಗೆ ಬದಲಾಯ್ಸಿದ್ರು, ಅದಕ್ಕೆ ಬಿ.ಪಿ. ನೋಡ್ತಾ ಇರ್ಬೇಕು. ಮುಟ್ಟು ನಿಂತೋರಿಗೆ ಒಳಗೆ ಹಚ್ಚೋ ಈಸ್ಟ್ರೋಜನ್ ಕ್ರೀಮ್ ಒಂದು, "ಈ ವಯಸ್ಸಲ್ಲಿ ಇದೆಂತ ಹಚ್ಚಾಟ" ಅಂತ ಬೈಕೊಂಡೇ ಹಚ್ಕೊಂಡ್ರು. ಇದ್ಯಾವುದಕ್ಕೂ ಬಗ್ಗದಿದ್ರೆ ಬ್ಲ್ಯಾಡರ್ ಒಳಗೆ ಬೊಟಾಕ್ಸ್ ಇಂಜೆಕ್ಷನ್ ಇದೆ, ಕಾಲ ಗಂಟಿನ ಮೇಲೆ ಸಣ್ಣ ಸೂಜಿ ಹಾಕಿ ಟಿಬಿಯಲ್ ನರಕ್ಕೆ ಕರೆಂಟ್ ಕೊಡೋದೂ ಇದೆ, ವಾರಕ್ಕೊಂದ್ಸಲ ಅರ್ಧ ಗಂಟೆ, 12 ವಾರ. ಅಲ್ಲಿವರೆಗೆ ಹೋಗೋ ಪ್ರಮೇಯ ನಮಗೆ ಬರ್ಲಿಲ್ಲ.

ನಂಗೆ ಮಾತ್ರೆ ಇಲ್ಲ, ಬರೀ ಕೆಗೆಲ್, ಅಂದ್ರೆ ಕೆಳಗಿನ ಆ ಜೋಲಿ ಸ್ನಾಯುನ ಬಿಗಿ ಹಿಡಿದು ಬಿಡೋದು. 1948ರಲ್ಲಿ ಆರ್ನಾಲ್ಡ್ ಕೆಗೆಲ್ ಅಂತ ಅಮೆರಿಕದ ಡಾಕ್ಟ್ರು ಬರೆದಿದ್ದು ಈ ವ್ಯಾಯಾಮ. ಯೂಟ್ಯೂಬ್ ನೋಡಿ ಎರಡು ತಿಂಗಳು ಮಾಡಿದೀನಿ, ಶುದ್ಧ ತಪ್ಪು. ಉಸಿರು ಕಟ್ಟಿ, ಕುಂಡಿ ಬಿಗಿದು, ಕೆಳಗೆ ತಳ್ತಾ ಇದ್ದೆ, ಅಂದ್ರೆ ಇನ್ನೂ ಹಾಳು ಮಾಡ್ಕೋತಿದ್ದೆ. ಫಿಸಿಯೋಥೆರಪಿಸ್ಟ್ ಹುಡುಗಿ ಒಬ್ಳು ಸರಿ ಮಾಡಿದ್ಲು: ನಾಲ್ಕು ಜನರ ಮಧ್ಯೆ ಗ್ಯಾಸ್ ತಡ್ಕೊಳ್ತೀರಲ್ಲ ಹಂಗೆ ಒಳಗೆ, ಮೇಲೆ ಎಳೀರಿ, ಉಸಿರು ಆಡ್ತಾ ಇರ್ಲಿ, ಹೊಟ್ಟೆ ತೊಡೆ ಸಡಿಲ. ಮೂತ್ರ ಮಾಡ್ತಾ ಮಾಡ್ತಾ ನಿಲ್ಲಿಸಿ ಪ್ರಾಕ್ಟೀಸ್ ಮಾಡೋದು ಬೇಡ ಅಂದ್ಲು. ಒಂದು ಸಲಕ್ಕೆ ಎಂಟು, ದಿನಕ್ಕೆ ಮೂರು ಸಲ, ಮೂರು ತಿಂಗಳು. ಮತ್ತೆ ಸೀನು ಬರೋ ಮುಂಚೆ ಒಂದು ಕ್ಷಣ ಬಿಗಿ ಹಿಡಿಯೋದು, ಇದೊಂದು ಕಲ್ತಿದ್ದೇ ನಂಗೆ ಅರ್ಧ ಗೆದ್ದ ಹಾಗಾಯ್ತು. ತೂಕನೂ ಇಳಿಸಿ ಅಂದ್ರು. 2009ರಲ್ಲಿ ಬಂದ ಅಮೆರಿಕದ ಒಂದು ಸ್ಟಡೀಲಿ ತೂಕ ಜಾಸ್ತಿ ಇದ್ದ ಹೆಂಗಸ್ರು ಆರು ತಿಂಗಳಲ್ಲಿ ಸರಾಸರಿ 8% ತೂಕ ಇಳಿಸಿದಾಗ ಸೋರೋ ಸಲ 47% ಕಮ್ಮಿ ಆಗಿತ್ತು, ಹೋಲಿಕೆಗೆ ಬರೀ ಮಾಹಿತಿ ಕೊಟ್ಟಿದ್ದ ಇನ್ನೊಂದು ಗುಂಪಲ್ಲಿ 28%. ನಾನು ಇಳಿಸಿರೋದು ಮೂರು ಕೆಜಿ, ಕಡುಬಿನ ಸೀಸನ್ನಲ್ಲಿ ಅದೇ ದೊಡ್ಡದು. ಆಪರೇಷನ್ನೂ ಇದೆ, ಮೂತ್ರನಾಳದ ಕೆಳಗೆ ಪಟ್ಟಿ ಹಾಕೋ ಸ್ಲಿಂಗ್, ಆದ್ರೆ ಮೆಶ್ ಅಂದ್ರೆ ಪ್ಲಾಸ್ಟಿಕ್ ಬಲೆಯ ಪಟ್ಟಿಯಿಂದ ನೋವು ತಿಂದೋರ ದೂರು ಜಾಸ್ತಿಯಾಗಿ ಇಂಗ್ಲೆಂಡಲ್ಲಿ 2018ರಲ್ಲಿ ಅದನ್ನ ತಡೆಹಿಡಿದ್ರು, ನನ್ನಷ್ಟು ಕಮ್ಮಿ ಇರೋರಿಗೆ ಅವಸರ ಇಲ್ಲ ಅಂದ್ರು.

ಇನ್ನು ಮನೆಮದ್ದು. ಊರಲ್ಲಿ ಹೇಳಿದ್ದು ಎಳ್ಳು ಬೆಲ್ಲ. ತಿಂದ್ವಿ, ರುಚಿ ಚೆನ್ನಾಗಿತ್ತು, ಬೇರೆ ಏನೂ ಆಗ್ಲಿಲ್ಲ. ಯಾರೋ ನೆಗ್ಗಿನ ಮುಳ್ಳಿನ ಕಷಾಯ ಕೊಟ್ರು, ಅದು ಮೂತ್ರ ಹೆಚ್ಚಿಸೋಕೆ ಅಂತ ಕೊಡೋ ಮದ್ದು, ತಡ್ಕೊಳಕ್ಕಾಗದ ಮುದುಕಿಗೆ ಅದನ್ನ ಕುಡಿಸೋದು ಯಾವ ನ್ಯಾಯ? ಯೋಗದ ಮೇಲೆ ನಂಗೆ ನಂಬಿಕೆ ಇದೆ, ಮೂಲಬಂಧ, ಅಶ್ವಿನಿ ಮುದ್ರೆ ಮಾಡಿ ನೋಡಿದ್ರೆ ಎಳೆಯೋ ಜಾಗ ಹೆಚ್ಚುಕಮ್ಮಿ ಕೆಗೆಲ್‌ದೇ, ಸೇತುಬಂಧಾಸನ ಜೊತೆಗೆ ಮಾಡ್ತೀನಿ. ಅಕ್ಯುಪಂಕ್ಚರ್ ಬಗ್ಗೆ ನಗ್ತಿದ್ದೆ, ಆದ್ರೆ 2017ರಲ್ಲಿ ಚೀನಾದಲ್ಲಿ ನನ್ನ ಥರದ ತೊಂದ್ರೆ ಇರೋ 504 ಹೆಂಗಸ್ರ ಮೇಲೆ ಸೂಜಿಗೆ ಕರೆಂಟ್ ಸೇರ್ಸಿ ಮಾಡಿದ ಟ್ರಯಲ್ಲಲ್ಲಿ, ನಾಟಕಕ್ಕೆ ಸೂಜಿ ಹಾಕಿದೋರಿಗಿಂತ ಇವರಿಗೆ ಸೋರೋದು ಕಮ್ಮಿಯಾಗಿತ್ತು. ಪೂರ್ತಿ ನಗೋ ಹಂಗೂ ಇಲ್ಲ.

ಮೂತ್ರದಲ್ಲಿ ರಕ್ತ ಬಂದ್ರೆ, ಜ್ವರ ಉರಿ ಇದ್ರೆ, ಏಕಾಏಕಿ ಕಾಲು ಜೋಮು ಹಿಡಿದು ಮಲಮೂತ್ರ ಎರಡೂ ಹಿಡಿತ ತಪ್ಪಿದ್ರೆ ಇದೆಲ್ಲ ಓದ್ತಾ ಕೂರ್ಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಮೊನ್ನೆ ಅತ್ತೆ ನಮ್ಮನೆಗೆ ಬಸ್ಸಲ್ಲಿ ಬಂದ್ರು, ಒಬ್ರೇ, ಅರವತ್ತು ಕಿಲೋಮೀಟರ್. ಹೊರಡೋ ಮುಂಚೆ ಕಾಫಿ ಕುಡೀಲಿಲ್ಲ, ನೀರು ಕುಡಿದ್ರಂತೆ. ಮಂಡಗದ್ದೆ ಹತ್ರ ಒಂದ್ಸಲ ಬಂತಂತೆ, ಮುಂದಿನ ಸೀಟಿನ ಕಂಬಿ ಹಿಡಿದು, ಹೊರಗೆ ತುಂಗೆ ನೋಡ್ತಾ, ಆರು ಎಣಿಸಿದ್ರಂತೆ, ಹೋಯ್ತಂತೆ. ಸೊನ್ನೆ ರೂಪಾಯಿ ಟಿಕೆಟ್‌ನ ಮಡಚಿ ಪರ್ಸಲ್ಲಿ ಇಟ್ಕೊಂಡಿದ್ರು. ರಾತ್ರಿ ಬ್ಯಾಗ್ ಖಾಲಿ ಮಾಡುವಾಗ ಎರಡು ಸೀರೆ ತುಂಡು ಕಂಡ್ವು, ಒಂದು ಒದ್ದೆ, ಒಂದು ಇಸ್ತ್ರಿ ಮಡಿಕೆ ಬಿಚ್ಚದ್ದು. ಒದ್ದೆದನ್ನ ಅವರೇ ತೊಳೆದು ಬಾಲ್ಕನೀಲಿ, ನನ್ನ ಚೂಡಿದಾರದ ಪಕ್ಕ, ಎಲ್ಲರಿಗೂ ಕಾಣೋ ಹಂಗೆ ಹರವಿದ್ರು.