ಎರಡನೇ ಸುತ್ತಿಗೆ ಹೊರಡುವ ಮುನ್ನ ಏನು ಮಾಡಿಕೊಳ್ಳಬೇಕು?

"ಅಣ್ಣ, ಗೇಮ್ ಮುಗೀತು. ಪ್ಲಸ್‌ಗೆ ಹೋಗೋ ಮುಂಚೆ ಏನೇನ್ ಮಾಡ್ಕೋಬೇಕು?" ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನಮ್ಮ ಸಂಬಂಧಿಕರ ಹುಡುಗರಲ್ಲಿ ಯಾರಾದರೊಬ್ಬರು ಎರಡು ಮೂರು ತಿಂಗಳಿಗೊಮ್ಮೆ ಈ ಪ್ರಶ್ನೆಯನ್ನು ಹೊತ್ತು ಬರುತ್ತಾರೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತಲೋ ಫೋನಿನಲ್ಲೋ ಉತ್ತರ ಹೇಳಿದಾಗಲೆಲ್ಲ ಅರ್ಧ ಮರೆತುಹೋಗುವುದರಿಂದ ಈ ಸಲ ಬರೆದೇ ಇಡುತ್ತಿದ್ದೇನೆ. ಅವರು ಕೇಳುವುದು ಹೆಚ್ಚಾಗಿ 2022ರಲ್ಲಿ ಬಂದ 'ಎಲ್ಡನ್ ರಿಂಗ್' ಎಂಬ ವಿಡಿಯೋ ಗೇಮ್ ಬಗ್ಗೆಯಾದ್ದರಿಂದ ನಾನೂ ಅದನ್ನೇ ಹಿಡಿದು ಹೇಳುತ್ತೇನೆ.

ಮುಗಿಸಿದ ಆಟವನ್ನು, ಗಳಿಸಿದ ಲೆವೆಲ್ ಮತ್ತು ಆಯುಧಗಳ ಸಮೇತ ಮೊದಲಿನಿಂದ ಆಡುವ ಈ ಕ್ರಮಕ್ಕೆ 'ನ್ಯೂ ಗೇಮ್ ಪ್ಲಸ್' ಎಂಬ ಹೆಸರನ್ನು ರೂಢಿಗೆ ತಂದದ್ದು ಜಪಾನಿನ ಸ್ಕ್ವೇರ್ ಕಂಪನಿಯ 1995ರ 'ಕ್ರೋನೋ ಟ್ರಿಗರ್'. ಆದರೆ ಯಾವುದು ಉಳಿಯುತ್ತದೆ, ಯಾವುದು ಅಳಿಯುತ್ತದೆ ಎಂಬ ಲೆಕ್ಕ ಆಟದಿಂದ ಆಟಕ್ಕೆ ಬೇರೆ. 'ದಿ ವಿಚರ್ 3'ರಲ್ಲಿ ಕತ್ತಿ, ಕವಚಗಳು ಜೊತೆಗೆ ಬರುತ್ತವೆ, ಆದರೆ ಊರೂರು ಅಲೆದು ಗೆದ್ದ, ಗ್ವೆಂಟ್ ಎಂಬ ಇಸ್ಪೀಟಿನಂಥ ಆಟದ ಎಲೆಗಳು ಬರುವುದಿಲ್ಲ. 2011ರ 'ಡಾರ್ಕ್ ಸೋಲ್ಸ್' ಕೊನೆಯ ಬಾಸ್ (ದೊಡ್ಡ ಎದುರಾಳಿ) ಸತ್ತು ಕಥೆ ಮುಗಿದೊಡನೆ ನಿಮ್ಮನ್ನು ಕೇಳದೆಯೇ ಎರಡನೇ ಸುತ್ತಿಗೆ ತಳ್ಳುತ್ತದೆ. ಎಲ್ಡನ್ ರಿಂಗ್ ಆ ಮಟ್ಟಿಗೆ ಸಭ್ಯವಾದುದು, ಅದು ಕೇಳುತ್ತದೆ. ಅಲ್ಲಿ "ಬೇಡ" ಎನ್ನುವುದೇ ತಯಾರಿಯ ಮೊದಲ ಹೆಜ್ಜೆ. ಹಾಗೆಂದವರು ಆಟದಲ್ಲಿ ನಮ್ಮ ನೆಲೆಯಾದ ರೌಂಡ್‌ಟೇಬಲ್ ಹೋಲ್ಡ್‌ನಲ್ಲಿರುವ ಗ್ರೇಸ್ ಎಂಬ ವಿಶ್ರಾಂತಿ ತಾಣದಿಂದ ತಮಗೆ ಬೇಕಾದ ದಿನ ಹೊಸ ಪಯಣವನ್ನು ಆರಂಭಿಸಬಹುದು.

ನಮ್ಮ ಹುಡುಗರ ಪ್ರಶ್ನೆಯ ಒಳಗೆ ಒಂದು ಭಯ ಅಡಗಿರುತ್ತದೆ: ಶತ್ರುಗಳು ಬಲಗೊಂಡಿರುತ್ತಾರಲ್ಲ, ನನ್ನ ಬಲ ಸಾಲುತ್ತದೆಯೇ? ಅದಕ್ಕಾಗಿ ಅವರು ವಾರಗಟ್ಟಲೆ ಒಂದೇ ಜಾಗದಲ್ಲಿ ನಿಂತು ರೂನ್ ಕೂಡಿಹಾಕಿ ಲೆವೆಲ್ ಏರಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದು ವ್ಯರ್ಥ ಶ್ರಮ. ಶತ್ರುಗಳು ಸುತ್ತಿನಿಂದ ಸುತ್ತಿಗೆ ಗಟ್ಟಿಯಾಗುತ್ತ ಎಂಟನೆಯ ಪಯಣದವರೆಗೆ ಏರುತ್ತಾರೆಂಬುದು ನಿಜ. ಆದರೆ ಅವರಿಂದ ಸಿಗುವ ರೂನ್‌ಗಳೂ ಅದರೊಂದಿಗೆ ಹೆಚ್ಚುತ್ತವೆ, ಹಾಗಾಗಿ ಮೊದಲ ಸುತ್ತನ್ನು ನ್ಯಾಯವಾಗಿ ಮುಗಿಸಿದವನಿಗೆ ಎರಡನೆಯದರ ಆರಂಭದಲ್ಲಿ ಬಲದ ಕೊರತೆ ಕಾಡುವುದಿಲ್ಲ. ಕಾಡುವುದು, ಹಿಂದಿನ ಸುತ್ತಿನಲ್ಲಿ ಮುಗಿಸದೆ ಬಿಟ್ಟುಬಂದ ಕೆಲಸ.

ನನಗೇ ಆದದ್ದನ್ನು ಹೇಳುತ್ತೇನೆ. ಮೊದಲ ಸುತ್ತನ್ನು ನಾನು ದೊಡ್ಡ ಕೊಡಲಿ ಹಿಡಿದು ಮುಗಿಸಿದ್ದೆ. ಎರಡನೆಯದನ್ನು ಮಾಂತ್ರಿಕನಾಗಿ ಆಡಬೇಕೆಂದು ದಂಡವನ್ನೂ ಮಂತ್ರಗಳನ್ನೂ ಹುಡುಕಿ ಇಟ್ಟುಕೊಂಡಿದ್ದೆ. ರಾಯ ಲುಕಾರಿಯಾ ಎಂಬ ಮಾಂತ್ರಿಕ ವಿದ್ಯಾಲಯದ ರಾಣಿ ರೆನ್ನಾಲಾ ಬಳಿಗೆ ಹೋಗಿ ಲಾರ್ವಲ್ ಟಿಯರ್ ಎಂಬ ವಸ್ತುವೊಂದನ್ನು ಕೊಟ್ಟು, ಶಕ್ತಿಗೆ ಸುರಿದ ಅಂಕಗಳನ್ನೆಲ್ಲ ಬುದ್ಧಿಗೆ ಬದಲಾಯಿಸಿಕೊಳ್ಳುವುದೊಂದು ಬಾಕಿಯಿತ್ತು. ಕೊನೆಯ ಬಾಸ್ ಬಿದ್ದ ರಾತ್ರಿ ಒಂದು ಗಂಟೆಗೆ, ಖುಷಿಯಲ್ಲಿ "ಹೌದು" ಒತ್ತಿಬಿಟ್ಟೆ. ಹೊಸ ಪಯಣದಲ್ಲಿ ರೆನ್ನಾಲಾ ಮತ್ತೆ ಶತ್ರು. ಅವಳನ್ನು ಸೋಲಿಸುವವರೆಗೆ ಅಂಕ ಬದಲಾಯಿಸಲು ದಾರಿಯಿಲ್ಲ. ಸೋಲಿಸುವುದು ಕಷ್ಟವೇನೂ ಆಗಲಿಲ್ಲ. ಆದರೆ ಮಾಂತ್ರಿಕನ ಕಣ್ಣಿನಿಂದ ನೋಡಬೇಕೆಂದುಕೊಂಡಿದ್ದ ಆಟ ಶುರುವಾಗುವ ಲಿಮ್‌ಗ್ರೇವ್ ಪ್ರದೇಶವನ್ನೆಲ್ಲ ಅದೇ ಹಳೆಯ ಕೊಡಲಿ ಬೀಸುತ್ತ ದಾಟಬೇಕಾಯಿತು, ಕೈಯಲ್ಲಿದ್ದ ದಂಡ ಸುಮ್ಮನೆ ಹೊರೆಯಾಯಿತು. ಅದಕ್ಕೇ ಹೇಳುತ್ತೇನೆ, ಎರಡನೇ ಸಲ ಯಾವ ಬಗೆಯ ವ್ಯಕ್ತಿಯಾಗಿ ಆಡುತ್ತೀರೆಂಬುದನ್ನು ಮೊದಲ ಸುತ್ತಿನಲ್ಲಿರುವಾಗಲೇ ತೀರ್ಮಾನಿಸಿ ರೆನ್ನಾಲಾಳನ್ನು ಕಂಡುಬನ್ನಿ. ಅದೇ ಆಯುಧ, ಅದೇ ಬಿಲ್ಡ್ (ಅಂಕಗಳನ್ನು ಹಂಚಿ ಪಾತ್ರವನ್ನು ಕಟ್ಟಿಕೊಂಡ ಬಗೆ) ಹಿಡಿದು ಹೋದರೆ ಎರಡನೆಯ ಸುತ್ತು ಮೊದಲನೆಯದನ್ನೇ ಓಡಿಸಿ ನೋಡಿದಂತಿರುತ್ತದೆ.

ಇನ್ನು ರಿಮೆಂಬ್ರೆನ್ಸ್‌ಗಳ ವಿಷಯ. ದೊಡ್ಡ ಬಾಸ್‌ಗಳಿಂದ ಸಿಗುವ ಇವುಗಳಲ್ಲಿ ಒಂದೊಂದಕ್ಕೂ ರೌಂಡ್‌ಟೇಬಲ್‌ನ ಮುದುಕಿ ಎನಿಯಾ ಎರಡು ವಸ್ತುಗಳನ್ನು ತೋರಿಸಿ ಒಂದನ್ನು ಮಾತ್ರ ಕೊಡುತ್ತಾಳೆ. ಕಾಲು ಮೂಡಿದಂತೆ ಬಯಲಲ್ಲಿ ಓಡಾಡುವ ಸಮಾಧಿ ಮಂದಿರಗಳನ್ನು ಕೆಡವಿ ಒಳಗೆ ಹೋದರೆ, ಒಂದು ಮಂದಿರಕ್ಕೆ ಒಂದರಂತೆ ರಿಮೆಂಬ್ರೆನ್ಸ್‌ನ ಪ್ರತಿ ಮಾಡಿಕೊಳ್ಳಬಹುದು. ಬಹಳ ಜನ ಇದನ್ನು ಅವಸರದಲ್ಲಿ ಬಿಟ್ಟು, ಬೇಕಿದ್ದ ಇನ್ನೊಂದು ಆಯುಧಕ್ಕಾಗಿ ಅದೇ ಬಾಸ್ ಮತ್ತೆ ಎದುರಾಗುವವರೆಗೆ ಕಾಯುತ್ತಾರೆ. ನಮ್ಮ ತಿಪಟೂರಿನ ಅಜ್ಜಿಮನೆಯಲ್ಲಿ ಕೊಬ್ಬರಿಗೆಂದು ಕಾಯಿಗಳನ್ನು ಅಟ್ಟಕ್ಕೆ ಹಾಕುವ ಮುನ್ನ ಒಂದೊಂದನ್ನೂ ಕೈಯಲ್ಲಿ ತಿರುಗಿಸಿ ನೋಡುತ್ತಿದ್ದರು. ಹತ್ತು ಹನ್ನೊಂದು ತಿಂಗಳು ಅದರ ಮುಖ ನೋಡುವಂತಿಲ್ಲವಲ್ಲ. ಆಟದ ಚೀಲವನ್ನೂ ಅಷ್ಟೇ ನಿಧಾನವಾಗಿ ನೋಡಬೇಕು.

ಆಯುಧವನ್ನು ಬಲಪಡಿಸುವ ಕಮ್ಮಾರಿಕೆಯ ಕಲ್ಲುಗಳಿಗಾಗಿ ಹೆಚ್ಚು ಒದ್ದಾಡಬೇಕಿಲ್ಲ. ಗಣಿಗಳಲ್ಲಿ ಸಿಗುವ ಬೆಲ್ ಬೇರಿಂಗ್‌ಗಳನ್ನು (ಅಂಗಡಿಗೆ ಹೊಸ ಸರಕು ಸೇರಿಸುವ ವಸ್ತುಗಳು) ರೌಂಡ್‌ಟೇಬಲ್‌ನಲ್ಲಿ ಅಂಗಡಿ ಇಟ್ಟಿರುವ ಅವಳಿ ಕನ್ಯೆಯರಿಗೆ ಒಪ್ಪಿಸಿದ್ದರೆ ಆ ಅಂಗಡಿ ಮುಂದಿನ ಸುತ್ತಿನಲ್ಲೂ ತೆರೆದಿರುತ್ತದೆ. ಆಯುಧವನ್ನು ಕೊನೆಯ ಹಂತಕ್ಕೇರಿಸುವ ಪುರಾತನ ಡ್ರ್ಯಾಗನ್ ಕಲ್ಲು ಮಾತ್ರ ಎಣಿಸಿದಷ್ಟೇ ಸಿಗುವುದರಿಂದ, ಕೈಗೆ ಬಂದಷ್ಟನ್ನು ಕೂಡಲೇ ಖರ್ಚು ಮಾಡದೆ ಹೊಸ ಬಿಲ್ಡ್‌ನ ಆಯುಧಕ್ಕೆ ಒಂದನ್ನಾದರೂ ಉಳಿಸಿಕೊಳ್ಳಿ. ದೊಡ್ಡ ಬಾಸ್‌ಗಳಿಂದ ಗೆದ್ದ ಗ್ರೇಟ್ ರೂನ್‌ಗಳೂ ತೆರೆದ ಗ್ರೇಸ್‌ಗಳೂ ಹೇಗಿದ್ದರೂ ಹೋಗುತ್ತವೆ, ಅವಕ್ಕೆ ಮರುಗಿ ಫಲವಿಲ್ಲ.

2024ರ 'ಶ್ಯಾಡೋ ಆಫ್ ದಿ ಎರ್ಡ್‌ಟ್ರೀ' ಎಂಬ ಹೆಚ್ಚುವರಿ ಭಾಗವನ್ನು ಕೊಂಡಿರುವವರು ಅದನ್ನು ಈ ಸುತ್ತಿನಲ್ಲೇ ಮುಗಿಸುವುದು ಲೇಸು. ಹೊಸ ಪಯಣದಲ್ಲಿ ಅಲ್ಲಿಗೆ ಹೋಗಬೇಕೆಂದರೆ ರಾಡಾನ್ ಮತ್ತು ಮೋಗ್ ಎಂಬ ಇಬ್ಬರು ಬಾಸ್‌ಗಳನ್ನೂ ಮತ್ತೆ ಕೊಲ್ಲಬೇಕು, ಅಷ್ಟು ಹೊತ್ತಿಗೆ ಅಲ್ಲಿನ ಶತ್ರುಗಳೂ ಇನ್ನಷ್ಟು ಬಲಿತಿರುತ್ತಾರೆ.

ಕೊನೆಯದಾಗಿ ಸೇವ್ ಫೈಲ್. ಈ ಆಟ ಒಂದು ಪಾತ್ರಕ್ಕೆ ಒಂದೇ ಸೇವ್ ಇಟ್ಟು ಅದರ ಮೇಲೆಯೇ ತಾನಾಗಿ ಬರೆಯುತ್ತ ಹೋಗುವುದರಿಂದ, ಹೊರಟ ಮೇಲೆ ಹಿಂತಿರುಗಲು ದಾರಿಯಿಲ್ಲ. ಕಂಪ್ಯೂಟರಿನಲ್ಲಿ ಆಡುವವರು ಆಪ್‌ಡೇಟಾದ ರೋಮಿಂಗ್ ಒಳಗಿರುವ ಎಲ್ಡನ್‌ರಿಂಗ್ ಫೋಲ್ಡರನ್ನು ಇಡಿಯಾಗಿ ಪೆನ್‌ಡ್ರೈವಿಗೆ ನಕಲು ಮಾಡಿಟ್ಟುಕೊಳ್ಳಲಿ. ಆಟಕ್ಕಿರುವ ಆರು ಅಂತ್ಯಗಳಲ್ಲಿ ಒಂದಕ್ಕಿಂತ ಹೆಚ್ಚನ್ನು ಒಂದೇ ಸುತ್ತಿನಿಂದ ನೋಡುವ ಆಸೆಯಿದ್ದವರಿಗೂ, ಕೊನೆಯ ಆಯ್ಕೆಯ ಮುಂಚೆ ಮಾಡಿಟ್ಟ ಇಂಥ ನಕಲು ಉಪಯೋಗಕ್ಕೆ ಬರುತ್ತದೆ.

ಸದ್ಯ ನನ್ನ ಮಾಂತ್ರಿಕನೂ ಎರಡನೇ ಪಯಣ ಮುಗಿಸಿ ರೌಂಡ್‌ಟೇಬಲ್‌ನಲ್ಲಿ ಕುಳಿತಿದ್ದಾನೆ. ಹಿಮದ ನಾಡಿನ ಒಂದು ಸಮಾಧಿ ಮಂದಿರ ಇನ್ನೂ ಬಾಕಿ ಇರುವುದರಿಂದ, ಮೂರನೆಯದಕ್ಕೆ ಈ ಭಾನುವಾರವಂತೂ ಹೊರಡುವುದಿಲ್ಲ.