ಬೋಯ್ಕಾನ ಮೊಣಕಾಲು

ಇಂದು ಮಧ್ಯಾಹ್ನ ಊಟವಾದ ಮೇಲೆ ತಮ್ಮನೊಡನೆ ಕುಳಿತು 2006ರ ‘ಅನ್‌ಡಿಸ್ಪ್ಯೂಟೆಡ್ 2’ ಎಂಬ ಹೊಡೆದಾಟದ ಚಿತ್ರವನ್ನು ಮತ್ತೊಮ್ಮೆ ನೋಡಿದೆ.

ಕಡಿಮೆ ಬಂಡವಾಳದಲ್ಲಿ ಬಲ್ಗೇರಿಯಾದಲ್ಲಿ ಚಿತ್ರೀಕರಣಗೊಂಡು, ಅಮೆರಿಕದಲ್ಲಿ ಚಿತ್ರಮಂದಿರದ ಮುಖ ಕಾಣದೆ ನೇರವಾಗಿ ಡಿವಿಡಿಗೆ ಬಂದ ಸಿನಿಮಾ ಇದು. ಕಥೆ ತೆಳು, ಸಂಭಾಷಣೆ ಸಪ್ಪೆ ಎಂದು ತಮ್ಮ ಹೇಳಿದ್ದನ್ನು ನಾನು ಅಲ್ಲಗಳೆಯಲಿಲ್ಲ. ಬಹಳಷ್ಟು ನೋಡುಗರ ಅಭಿಪ್ರಾಯವೂ ಅದೇ.

ಆದರೆ ಕಾಳಗ ಶುರುವಾದೊಡನೆ ಅವನು ಮೊಬೈಲನ್ನು ಪಕ್ಕಕ್ಕಿಟ್ಟ. ನಟ ಸ್ಕಾಟ್ ಆಡ್ಕಿನ್ಸ್ ಗಾಳಿಯಲ್ಲಿ ಸುತ್ತಿ ಒದೆಯುವಾಗ, ನಿರ್ದೇಶಕ ಐಸಾಕ್ ಫ್ಲೊರೆಂಟೀನ್ ಕ್ಯಾಮೆರಾವನ್ನು ದೂರದಲ್ಲಿಟ್ಟು, ತಲೆಯಿಂದ ಪಾದದವರೆಗೆ ಇಡೀ ದೇಹ ಕಾಣುವಂತೆ ತೋರಿಸುತ್ತಾರೆ. ದುಡ್ಡು ಕೊಳ್ಳಲಾಗದ ಶ್ರಮ ಅಲ್ಲಿ ಕಣ್ಣಿಗೆ ಕಟ್ಟುತ್ತದೆ.

ಖಳನಾಗಿ ಬಂದ, ಆಡ್ಕಿನ್ಸ್ ನಟಿಸಿದ ಬೋಯ್ಕಾ ಎಂಬ ಪಾತ್ರವನ್ನು ಪ್ರೇಕ್ಷಕರು ಎಷ್ಟು ಹಚ್ಚಿಕೊಂಡರೆಂದರೆ, 2010ರ ಮೂರನೆಯ ಭಾಗದಲ್ಲಿ ಅವನೇ ನಾಯಕನಾದ, ಅದೂ ಈ ಚಿತ್ರದಲ್ಲಿ ಮುರಿದುಕೊಂಡ ಮೊಣಕಾಲನ್ನು ಎಳೆದುಕೊಂಡೇ. ನೋಡುಗರ ಪ್ರೀತಿ ಒಂದು ಪಾತ್ರಕ್ಕೆ ಎರಡನೆಯ ಜೀವ ಕೊಟ್ಟಿತಲ್ಲ ಎಂದು ನನಗೆ ನಿಜಕ್ಕೂ ಸಂತೋಷವಾಗುತ್ತದೆ.

“ಅಣ್ಣಾ, ರಾತ್ರಿ ಮೂರನೆಯದನ್ನು ಹಾಕೋಣ” ಎಂದಿದ್ದಾನೆ ತಮ್ಮ.