ಹೇರಾಗೆ ಕೊಟ್ಟ ಪಿನ್ನು

ಅಥೆನ್ಸ್‌ನ ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂಗೆ ನಾವು ಹೋಗಿದ್ದು ಪ್ರಾಚೀನ ಗ್ರೀಸಿನ ಮೈಸೀನಿ ಎಂಬ ಊರಿನಲ್ಲಿ ಸಿಕ್ಕ ಚಿನ್ನದ ಮುಖವಾಡ ನೋಡಲು. ನೋಡಿದ್ದಾಯಿತು, ಫೋಟೋ ತೆಗೆದಿದ್ದೂ ಆಯಿತು. ಕಾಲು ನೋಯುತ್ತಿತ್ತು. ಕೂರಲು ಜಾಗ ಹುಡುಕುತ್ತಿದ್ದಾಗ ಮಗಳು ಒಂದು ಗಾಜಿನ ಪೆಟ್ಟಿಗೆಯ ಮುಂದೆ ನಿಂತಳು.

"ಅಮ್ಮಾ, ಸೇಫ್ಟಿ ಪಿನ್!"

ನಿಜ, ಹಾಗೇ ಇತ್ತು. ಕಂಚಿನದು. ಒಂದು ತುದಿಯಲ್ಲಿ ಸುರುಳಿ ಸುತ್ತಿದ ಸ್ಪ್ರಿಂಗು, ಇನ್ನೊಂದು ತುದಿಯಲ್ಲಿ ಮೊನೆ ಸಿಕ್ಕಿಸುವ ಕೊಕ್ಕೆ. ಅಮೆರಿಕದ ವಾಲ್ಟರ್ ಹಂಟ್ 1849ರಲ್ಲಿ ಪೇಟೆಂಟ್ ಪಡೆದ ಸೇಫ್ಟಿ ಪಿನ್ನಿನ ಅಜ್ಜಿ ಅನ್ನಬಹುದು. ಪಕ್ಕದಲ್ಲಿ ಉದ್ದನೆಯ ನೇರ ಪಿನ್ನುಗಳೂ ಇದ್ದವು, ತಲೆಯಲ್ಲಿ ಪುಟ್ಟ ಗುಂಡು. ಪ್ರಾಚೀನ ಗ್ರೀಸಿನ ಹೆಂಗಸರು ಹೊಲಿಗೆಯಿಲ್ಲದ ಉಣ್ಣೆ ಬಟ್ಟೆ ಸುತ್ತಿಕೊಂಡು ಎರಡೂ ಭುಜದ ಮೇಲೆ ಪಿನ್ನು ಹಾಕುತ್ತಿದ್ದರು. ಸೀರೆ ಉಡುವವರಿಗೆ ಜಾಸ್ತಿ ಬಿಡಿಸಿ ಹೇಳಬೇಕಾಗಿಲ್ಲ.

ಇಂಥವು ಸಮಾಧಿಗಳಲ್ಲಿ ಮಾತ್ರವಲ್ಲ, ಗುಡಿಗಳಲ್ಲೂ ರಾಶಿ ರಾಶಿ ಸಿಕ್ಕಿವೆ. ಆರ್ಗೋಸ್ ಹತ್ತಿರದ ಹೇರಾ ದೇವಿಯ ಗುಡಿ, ಕೊರಿಂಥ್ ಬಳಿಯ ಪೆರಖೋರಾದ ಗುಡಿ, ಸ್ಪಾರ್ಟಾದ ಆರ್ಟೆಮಿಸ್ ದೇವಿಯ ಗುಡಿ. ರೋಡ್ಸ್ ದ್ವೀಪದ ಲಿಂಡೋಸ್‌ನಲ್ಲಿ ಸ್ಪ್ರಿಂಗಿನ ಪಿನ್ನುಗಳೇ ಸಾವಿರಕ್ಕೂ ಹೆಚ್ಚು. ಎಲ್ಲ ದೇವಿಗೆ ಒಪ್ಪಿಸಿದ ಹರಕೆ.

ಮಗಳಿಗೆ ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಹೇಳುವ ಕತೆ ಹೇಳಿದೆ. ಡಾಮಿಯಾ, ಔಕ್ಸೇಸಿಯಾ ಎಂಬ ದೇವಿಯರ ವಿಗ್ರಹ ತರಲು ಅಥೆನ್ಸಿನ ಗಂಡಸರು ಐಗಿನಾ ದ್ವೀಪಕ್ಕೆ ಹೋದರು. ಬದುಕಿ ಬಂದವನು ಒಬ್ಬನೇ. ಸತ್ತವರ ಹೆಂಡತಿಯರು ಅವನನ್ನು ಸುತ್ತುವರಿದು, "ನನ್ನ ಗಂಡ ಎಲ್ಲಿ?" ಎನ್ನುತ್ತಾ ಬಟ್ಟೆಯ ಪಿನ್ನಿನಿಂದ ಚುಚ್ಚಿ ಕೊಂದೇಬಿಟ್ಟರಂತೆ. ಬೆಚ್ಚಿಬಿದ್ದ ಅಥೆನ್ಸಿನವರು ಹೆಂಗಸರಿಗೆ ಪಿನ್ನು ಬೇಡದ ನಾರಿನ ಅಂಗಿ ತೊಡಿಸಿದರು. ಆರ್ಗೋಸ್ ಮತ್ತು ಐಗಿನಾದವರು ಇದಕ್ಕೆ ಉಲ್ಟಾ: ಪಿನ್ನುಗಳನ್ನು ಒಂದೂವರೆ ಪಟ್ಟು ಉದ್ದ ಮಾಡಿದರು, ಆ ದೇವಿಯರಿಗೆ ಪಿನ್ನನ್ನೇ ಮುಖ್ಯವಾಗಿ ಒಪ್ಪಿಸಬೇಕೆಂದರು. ಕೊಲೆಯ ಭಾಗ ನನಗೆ ಕಟ್ಟುಕತೆ ಅನ್ನಿಸುತ್ತದೆ. ಆದರೆ ಹರಕೆಯ ಮಾತು ಸುಳ್ಳಲ್ಲ. ಐಗಿನಾದಲ್ಲಿ ಸಿಕ್ಕ ಶಾಸನವೊಂದರಲ್ಲಿ ಆ ದೇವಿಯರ ಗುಡಿಯ ಸಾಮಾನು ಪಟ್ಟಿ ಇದೆ. ಅಲ್ಲಿ ಕಬ್ಬಿಣದ ಪಿನ್ನುಗಳನ್ನು ಎಣಿಸಿ ಬರೆದಿಟ್ಟಿದ್ದಾರೆ!

ಮಗಳ ಚಿಂತೆ ಬೇರೆ. "ಪಿನ್ನು ಕೊಟ್ಟುಬಿಟ್ರೆ ಬಟ್ಟೆ ಜಾರಲ್ವಾ?"

ಕೆಲವು ಪಿನ್ನುಗಳು ತೊಡಲಾಗದಷ್ಟು ದೊಡ್ಡವು, ಕಾಣಿಕೆಗೆಂದೇ ಮಾಡಿಸಿದವು, ಎಂದೆ. ಅವಳು ಒಪ್ಪಲಿಲ್ಲ. ಮೂಲೆಯಲ್ಲಿದ್ದ, ನನ್ನ ಕಿರುಬೆರಳಿಗಿಂತ ಚಿಕ್ಕ ಪಿನ್ನೊಂದನ್ನು ತೋರಿಸಿದಳು.

"ಇದನ್ನ ಹಾಕ್ಕೊಂಡಿದ್ದವಳು?"

"ಇನ್ನೊಂದು ತಂದಿರ್ತಾಳೆ ಬಿಡು," ಎಂದೆ. ನನ್ನ ಪರ್ಸಿನಲ್ಲಿ ಆಗಲೂ ನಾಲ್ಕು ಪಿನ್ನಿದ್ದವು.